ಮಾವನ ಹಿತ್ತಲಿನ ಚಿಪ್ಪು

ನಮ್ಮ ಮಾವನವರು ಪತ್ರಿಕೆ ಓದುವುದು ಬಚ್ಚಲ ಒಲೆಯ ಮುಂದೆ. ಬೆಳಗ್ಗೆ ಹಂಡೆಗೆ ನೀರು ತುಂಬಿಸಿ, ಒಲೆಗೆ ಕೊಬ್ಬರಿ ಚಿಪ್ಪು ತುರುಕಿ, ಉರಿ ಹತ್ತಿದ ಮೇಲೆ ಮಣೆ ಎಳೆದುಕೊಂಡು ಕೂತರೆಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಜೋರಾಗಿ ಓದುತ್ತಾರೆ. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾನು ಅಡುಗೆಮನೆಯಲ್ಲಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಿರುತ್ತೇನೆ. ನನ್ನ ಗಂಡ ರೇಣುಕಾಪ್ರಸಾದ್ ತುಮಕೂರಿನ ರೈಲು ತಪ್ಪೀತೆಂದು ಸಾಕ್ಸ್ ಹುಡುಕುತ್ತಿರುತ್ತಾರೆ. ಅತ್ತೆ ಸಿದ್ದಗಂಗಮ್ಮ ಪೂಜೆಗೆ ಕೂತಿರುತ್ತಾರೆ. ಯಾವುದೋ ದೇಶದ ಯುದ್ಧ, ಯಾವುದೋ ಸಚಿವರ ರಾಜೀನಾಮೆ, ಯಾವುದೋ ಊರಿನ ವಾಂತಿಭೇದಿ ಎಲ್ಲವೂ ನಮ್ಮ ಮೂವರ ಕಿವಿಗೆ ಬಚ್ಚಲ ಹೊಗೆಯ ಜೊತೆಯಲ್ಲೇ ಬಂದು ತಲುಪುತ್ತವೆ. ನಡುನಡುವೆ ಮಾವನವರ ಟೀಕೆ ಟಿಪ್ಪಣಿಯೂ ಇರುತ್ತದೆ. ಬೇಡ ಎಂದರೂ ಅದು ತಪ್ಪುವುದಿಲ್ಲ.

ಅವರ ಹೆಸರು ಚನ್ನಬಸವಯ್ಯ. ಗುಬ್ಬಿಯಲ್ಲಿ ಹಾಗೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮೀಟರ್ ಅಯ್ನೋರು ಎನ್ನಬೇಕು. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ ಮಾಡಿ ನಿವೃತ್ತರಾದವರು. ಆಗಿನ ಕಾಲದಲ್ಲಿ ಮೀಟರು ಈಗಿನ ಹಾಗೆ ಗೇಟಿನ ಪಕ್ಕ ಇರುತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ನಡುಮನೆಯ ಕಂಬದ ಮೇಲೆ, ಇನ್ನೊಬ್ಬರಲ್ಲಿ ಕೊಟ್ಟಿಗೆಯಲ್ಲಿ, ಮತ್ತೊಬ್ಬರಲ್ಲಿ ಹಿತ್ತಲ ಬಾಗಿಲ ಹಿಂದೆ. ಹಾಗಾಗಿ ಊರಿನ ಅರ್ಧಕ್ಕರ್ಧ ಮನೆಗಳ ಹಿತ್ತಲು ಮಾವನಿಗೆ ಬಾಯಿಪಾಠ. ಯಾರ ಬಚ್ಚಲ ನೀರು ಯಾರ ಗೋಡೆಗೆ ಹರಿಯುತ್ತದೆ, ಯಾರು ತೊಟ್ಟಿ ತೊಳೆದು ಎಷ್ಟು ಕಾಲವಾಯಿತು, ಯಾರು ಕಸವನ್ನು ಪಕ್ಕದ ಸೈಟಿಗೆ ಎಸೆಯುತ್ತಾರೆ ಎಲ್ಲವೂ ಗೊತ್ತು. ಕೆಲಸ ಮುಗಿಯಿತು, ಕಣ್ಣು ಮಾತ್ರ ನಿವೃತ್ತಿ ಪಡೆಯಲಿಲ್ಲ. ಈಗಲೂ ಯಾರದ್ದಾದರೂ ಮನೆಗೆ ಆರತಿಗೆಂದು ಹೋದರೆ, ಕೈ ತೊಳೆಯುವ ನೆಪದಲ್ಲಿ ಹಿತ್ತಲು ನೋಡಿಯೇ ಬರುತ್ತಾರೆ.

ನಮ್ಮ ಹಿತ್ತಲಲ್ಲಿ ಇರುವುದು ಚಿಪ್ಪಿನ ರಾಶಿ. ಚೇಳೂರಿನ ತೋಟದ ಕಾಯಿ ವರ್ಷವೆಲ್ಲ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗುತ್ತದೆ. ಒಡೆದು ಸುಲಿದ ಮೇಲೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪು ಮೂಟೆಗಳಲ್ಲಿ ನಮ್ಮ ಮನೆಗೆ ಬರುತ್ತದೆ. ಈಚೆಗೆ ಎಲ್ಲರೂ ಚಿಪ್ಪನ್ನು ಇದ್ದಿಲು ಮಾಡುವವರಿಗೆ ಕೊಟ್ಟುಬಿಡುತ್ತಾರೆ. ಮಾವ ಕೊಡುವುದಿಲ್ಲ. ನನ್ನ ಗಂಡ ತಾರಸಿಯ ಮೇಲೆ ಸೋಲಾರ್ ಹಾಕಿಸಿದ್ದಾರೆ. ಆ ನೀರಿಗೆ ಮಾವ ಇಟ್ಟಿರುವ ಹೆಸರು ಪ್ಲಾಸ್ಟಿಕ್ ನೀರು. ಚಿಪ್ಪಿನ ಉರಿಯಲ್ಲಿ ಕಾದ ನೀರು ಮೈಗೆ ಬಿದ್ದರೆ ಮೂಳೆಯೊಳಗಿನ ನೋವೂ ಹೋಗುತ್ತದಂತೆ. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನಮ್ಮ ಮನೆಯಿಂದ ಒಂದು ಮೂಟೆ ಚಿಪ್ಪು ಹೋಗಬೇಕು, ಅದು ಅವರ ಪದ್ಧತಿ. ಕಾಂಪೌಂಡಿನ ಗೋಡೆಗೆ ಒತ್ತಿ, ಎದೆಮಟ್ಟಕ್ಕೆ ಪೇರಿಸಿ, ಮೇಲೊಂದು ನೀಲಿ ಟಾರ್ಪಾಲು ಹೊದಿಸಿರುತ್ತಾರೆ. ಆ ಟಾರ್ಪಾಲಿಗೆ ತೂತು ಬಿದ್ದಿದೆ, ಬೇರೆ ತರೋಣ ಎಂದು ನಾನು ಹೇಳಿದರೆ, ನೀನು ಸ್ಕೂಲಿನ ಮಕ್ಕಳಿಗೆ ಪಾಠ ಹೇಳು, ಸೌದೆಯ ವಿಷಯ ನನಗೆ ಬಿಡು ಎನ್ನುತ್ತಾರೆ. ಸೌದೆ ಎಂಬುದು ಅವರದೇ ಮಾತು. ಮುಂದೆ ನಡೆದದ್ದೆಲ್ಲ ಆ ಮಾತಿನಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ.

ಈ ಸಲ ಮಳೆ ಬೇಗ ಶುರುವಾಯಿತು. ಮಳೆಯ ಹಿಂದೆಯೇ ಟಿವಿಯಲ್ಲಿ ಡೆಂಗಿಯೂ ಶುರುವಾಯಿತು. ಯಾವ ಜಿಲ್ಲೆಯಲ್ಲಿ ಎಷ್ಟು ಜನ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಸೊಳ್ಳೆಯ ಬಣ್ಣ ಯಾವುದು, ಅದು ಯಾವ ಹೊತ್ತಿನಲ್ಲಿ ಕಚ್ಚುತ್ತದೆ ಎಂಬುದನ್ನೆಲ್ಲ ಮಾವ ಪರೀಕ್ಷೆಗೆ ಓದುವವರ ಹಾಗೆ ಕೇಳಿಸಿಕೊಂಡರು. ಕೇಳಿಸಿಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ಹಾಲು ಹಾಕುವವನನ್ನು ನಿಲ್ಲಿಸಿ, ಈ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಿಲ್ಲ, ಒಳ್ಳೆಯ ನೀರಿನಲ್ಲೇ ಹುಟ್ಟುತ್ತದೆ ಎಂದು ಪಾಠ ಮಾಡಿದರು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೊರೊನಾ ಕಾಲದಲ್ಲಿ ಇಡೀ ಬೀದಿಗೆ ಲಸಿಕೆ ಹಾಕಿಸಿದವರೂ ಇವರೇ; ಅದನ್ನು ಮರೆತು ಬರೀ ತಮಾಷೆ ಮಾಡಿದರೆ ನನ್ನ ನಾಲಿಗೆಗೆ ಪಾಪ. ಆದರೆ ಸುದ್ದಿಯನ್ನು ನಾವೆಲ್ಲ ಓದುವ ರೀತಿಯಲ್ಲೇ ಏನೋ ಐಬು ಇದೆ. ರೋಗದ ಸುದ್ದಿ ಓದುವಾಗ ಅದು ಯಾರ ಮನೆಯಿಂದ ಬರಬಹುದು ಎಂದು ಲೆಕ್ಕ ಹಾಕುತ್ತೇವೆ, ಆ ಲೆಕ್ಕದಲ್ಲಿ ನಮ್ಮ ಮನೆ ಬರುವುದಿಲ್ಲ.

ನಮ್ಮ ಬೀದಿಯಲ್ಲಿ ಮೊದಲು ಜ್ವರ ಬಂದದ್ದು ಮೂಲೆಮನೆಯ ಪುಟ್ಟರಂಗಯ್ಯನವರಿಗೆ. ಅವರು ಮಲಗಿ ಎದ್ದರು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಹೇಮಶ್ರೀ ಮನೆಮನೆಯ ನೀರು ತಪಾಸಣೆಗೆ ಬಂದಳು. ನಮ್ಮ ಮನೆಗೇ ಮೊದಲು ಬಂದಳು, ಏಕೆಂದರೆ ಮಾವ ಜೊತೆಯಲ್ಲಿದ್ದರೆ ಬೀದಿಯವರು ತಕರಾರಿಲ್ಲದೆ ಬಾಗಿಲು ತೆರೆಯುತ್ತಾರೆ. ಸಂಪು ನೋಡಿದಳು, ಮುಚ್ಚಳ ಸರಿಯಾಗಿತ್ತು. ಹಿತ್ತಲು ನೋಡಲೇ ಎಂದು ಕೇಳಿದಳು. ಹಿತ್ತಲಲ್ಲಿ ನಾವು ನೀರೇ ಇಡುವುದಿಲ್ಲ, ಬರೀ ಸೌದೆ ಎಂದರು ಮಾವ. ಅವರು ಸುಳ್ಳು ಹೇಳಲಿಲ್ಲ. ಅವರ ಕಣ್ಣಿಗೆ ಅದು ನಿಜವಾಗಿಯೂ ಸೌದೆ, ನೀರು ನಿಲ್ಲುವ ಬಟ್ಟಲಲ್ಲ. ಹೇಮಶ್ರೀ ನಂಬಿದಳು. ನಾನೂ ಅಲ್ಲೇ ನಿಂತಿದ್ದೆ, ನನಗೂ ಏನೂ ಹೊಳೆಯಲಿಲ್ಲ.

ಆಮೇಲೆ ಮಾವ ಅವಳನ್ನು ಕರೆದುಕೊಂಡು ನೇರವಾಗಿ ಹೋದದ್ದು ಎದುರಿನ ವಠಾರಕ್ಕೆ. ಅಲ್ಲಿ ಅರುಣಾ ಇದ್ದಾಳೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಗಂಡ ಅಂಜನ್‌ಕುಮಾರ್ ತುಮಕೂರಿನ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾನೆ. ವಠಾರಕ್ಕೆಲ್ಲ ಒಂದೇ ನಲ್ಲಿ. ನೀರು ಬಂದ ದಿನ ಹಿಡಿದಿಟ್ಟುಕೊಳ್ಳದಿದ್ದರೆ ಮುಂದಿನ ಸಲ ಬರುವವರೆಗೆ ಬಾಯಿ ಒಣಗಿಸಿಕೊಂಡು ಕೂರಬೇಕು. ಅದಕ್ಕೆ ಅರುಣಾ ಬಾಗಿಲ ಮುಂದೆ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಇಟ್ಟುಕೊಂಡಿದ್ದಳು. ಹೇಮಶ್ರೀ ಟಾರ್ಚ್ ಬಿಟ್ಟು ನೋಡಿ, ಸದ್ಯಕ್ಕೆ ಏನೂ ಇಲ್ಲ, ಬಟ್ಟೆ ಕಟ್ಟಿ ಮುಚ್ಚಿಡಿ ಎಂದಳು. ಮಾವ ಒಪ್ಪಲಿಲ್ಲ. ಇವತ್ತು ಇಲ್ಲದ್ದು ನಾಳೆ ಆಗುತ್ತದೆ, ಚೆಲ್ಲಿಸಿ ಎಂದರು. ನಮ್ಮ ಸಾಲಿನ ಮನೆಯವರೆಲ್ಲ ಗೇಟಿನ ಬಳಿ ನಿಂತು ನೋಡುತ್ತಿದ್ದರು. ಆ ವಠಾರದವರಿಗೆ ಶುಚಿ ಕಮ್ಮಿ ಎಂದು ಯಾರೋ ಅಂದರು. ಆ ಮಾತನ್ನು ಯಾವ ಮನೆಯವರು ಯಾವ ಮನೆಯವರಿಗೆ ಅನ್ನುತ್ತಾರೆ ಎಂಬುದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅರುಣಾ ತಾನೇ ಡ್ರಮ್ಮುಗಳನ್ನು ಬಗ್ಗಿಸಿದಳು. ನೀರು ಬೀದಿಯುದ್ದಕ್ಕೂ ಹರಿಯಿತು. ಅವಳು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಅವಳ ಮಗಳು ಮೋನಿಕಾ ನಾನು ಪಾಠ ಮಾಡುವ ಶಾಲೆಯಲ್ಲೇ ಮೂರನೇ ತರಗತಿ. ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬರುತ್ತಾಳೆ. ಅಮ್ಮನ ಮಿಷನ್ನಿನ ಸದ್ದಿನಲ್ಲಿ ಮಗ್ಗಿ ನೆನಪಾಗುವುದಿಲ್ಲವಂತೆ. ನಮ್ಮ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಚಿಪ್ಪಿನ ರಾಶಿಗೆ ಬೆನ್ನು ಕೊಟ್ಟು, ಹೋಂವರ್ಕ್ ಬರೆಯುತ್ತಾಳೆ. ಮಾವನನ್ನು ತಾತ ಎನ್ನುತ್ತಾಳೆ. ಮಾವ ಅವಳಿಗೆ ಪತ್ರಿಕೆಯ ತಲೆಬರಹಗಳನ್ನು ಓದಲು ಹಚ್ಚುತ್ತಾರೆ, ತಪ್ಪಿದರೆ ಕಿವಿ ಹಿಂಡುವ ಹಾಗೆ ಮಾಡುತ್ತಾರೆ. ಡ್ರಮ್ ಚೆಲ್ಲಿಸಿದ ಮೇಲೂ ಅವಳು ಬರುವುದನ್ನು ಬಿಡಲಿಲ್ಲ, ಅರುಣಾಳೂ ಬೇಡವೆನ್ನಲಿಲ್ಲ.

ಕೆಲವು ವಾರ ಕಳೆದ ಮೇಲೆ ಮೋನಿಕಾಳಿಗೆ ಜ್ವರ ಬಂತು. ಗುಬ್ಬಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಡೆಂಗಿ ಎಂದರು. ಮಾರನೆಯ ದಿನ ಪ್ಲೇಟ್‌ಲೆಟ್ ಇಳಿಯುತ್ತಿದೆ, ತುಮಕೂರಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದರು. ಮಾವ ಆಗ ಸುಮ್ಮನೆ ಕೂರಲಿಲ್ಲ. ಗೊತ್ತಿರುವ ಕಾರು ಕರೆಸಿದರು, ಜಿಲ್ಲಾ ಆಸ್ಪತ್ರೆಯಲ್ಲಿ ಪರಿಚಯದ ನರ್ಸಿಗೆ ಫೋನ್ ಮಾಡಿದರು, ಮಗುವನ್ನು ತಾವೇ ಎತ್ತಿ ಸೀಟಿನ ಮೇಲೆ ಮಲಗಿಸಿದರು. ಅಷ್ಟು ಮಾಡಿದವರು ಕಾರಿನ ಬಾಗಿಲು ಹಾಕುವಾಗ ಒಂದು ಮಾತನ್ನು ನುಂಗಿಕೊಳ್ಳಬಹುದಾಗಿತ್ತು.

"ಡ್ರಮ್ಮು ಡ್ರಮ್ಮು ಅಂತ ಅವತ್ತೇ ಬಡ್ಕೊಂಡೆ ಕಣಮ್ಮ. ಈಗ ನೋಡು, ಮಗೂಗೇ ಬಂತು."

ಅಂಜನ್‌ಕುಮಾರ್ ಮುಂದಿನ ಸೀಟಿನಲ್ಲಿದ್ದ. ತಿರುಗಿ ಹೆಂಡತಿಯನ್ನು ನೋಡಿದ. ಮೋನಿಕಾ ಅಮ್ಮನ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

ಭಾನುವಾರ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅತ್ತೆಗೆ ಎಣ್ಣೆ ನೀರು ಹಾಕುವ ದಿನ. ಮುಂಭಾಗದ ಚಿಪ್ಪು ತೇವವಾಗಿದೆಯೆಂದು ಮಾವ ಟಾರ್ಪಾಲು ಸರಿಸಿ ಗೋಡೆಯ ಕಡೆಯಿಂದ ಒಣಗಿದ್ದನ್ನು ತೆಗೆಯಲು ಹೋದರು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಹಿಡಿದು ಕರೆದರು. ಅವರ ದನಿ ಎಂದಿನಂತಿರಲಿಲ್ಲ. ನಾನು ಒದ್ದೆ ಕೈಯಲ್ಲೇ ಓಡಿಹೋದೆ. ತೂತಿನ ಟಾರ್ಪಾಲಿನ ಕೆಳಗೆ, ಗೋಡೆಯ ಅಂಚಿನುದ್ದಕ್ಕೂ, ಮೇಲ್ಮುಖವಾಗಿ ಕೂತಿದ್ದ ಒಂದೊಂದು ಚಿಪ್ಪಿನಲ್ಲೂ ಮಳೆನೀರು ನಿಂತಿತ್ತು. ಕುಡಿಯಬೇಕು ಎನ್ನಿಸುವಷ್ಟು ತಿಳಿಯಾದ ನೀರು. ಅದರಲ್ಲಿ ಸಣ್ಣ ಸಣ್ಣ ಹುಳು ಬಾಲ ಮೇಲೆತ್ತಿ ಕುಣಿಯುತ್ತಿದ್ದವು. ಮಾವ ಒಂದು ಚಿಪ್ಪನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಟಿವಿಯಲ್ಲಿ ದೊಡ್ಡದು ಮಾಡಿ ಮಾಡಿ ತೋರಿಸಿದ್ದು ಅವರಿಗೂ ಗೊತ್ತು, ನನಗೂ ಗೊತ್ತು.

"ಅದೇ ಅಲ್ವೇನಮ್ಮ ಇದು?"

ನಾನು ಹೌದೆಂದೆ. ಅವರು ಒಗೆಯುವ ಕಲ್ಲನ್ನು ನೋಡಿದರು. ಕಲ್ಲಿನ ಮೇಲೆ ಮೋನಿಕಾಳ ಪೆನ್ಸಿಲ್ ಗೀಚಿದ ಗುರುತು ಇನ್ನೂ ಇತ್ತು. ಊಟಕ್ಕೂ ಏಳದೆ ಇಡೀ ರಾಶಿಯನ್ನು ಕೆಡವಿ, ಒಂದೊಂದೇ ಚಿಪ್ಪನ್ನು ಒಣಮಣ್ಣಿಗೆ ಬಗ್ಗಿಸಿ, ಬೋರಲು ಹಾಕಿದರು. ಎಪ್ಪತ್ತು ದಾಟಿದ ಮನುಷ್ಯ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿರುವುದನ್ನು ನೋಡಲಾಗದೆ ನಾನೂ ಸೇರಿಕೊಂಡೆ. ಸಂಜೆ ಅರುಣಾಳಿಗೆ ಫೋನ್ ಮಾಡಿ ಮಗು ಹೇಗಿದೆ ಎಂದು ವಿಚಾರಿಸಿದರು. ಹಣ್ಣಿನ ರಸ ಕೊಡಿ, ನೀರು ಚೆನ್ನಾಗಿ ಕುಡಿಸಿ ಎಂದರು. ಹೇಳಬೇಕಾದದ್ದನ್ನು ಹೇಳದೆಯೇ ಫೋನ್ ಇಟ್ಟರು.

ಅಂದು ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ. ಅತ್ತೆಗೆ ವಿಷಯ ತಿಳಿದಾಗ, ಸೊಳ್ಳೆಗೆ ಮನೆ ನಂಬರ್ ಇರುತ್ತದೆಯೇ, ಶಾಲೆಯಲ್ಲಿ ಕಚ್ಚಿರಬಹುದು, ದಾರಿಯಲ್ಲಿ ಕಚ್ಚಿರಬಹುದು, ಮೊದಲು ಮಗು ಹುಷಾರಾಗಲಿ, ಆಮೇಲೆ ನೋಡೋಣ ಎಂದರು. ನನ್ನ ಗಂಡನೂ ಅದನ್ನೇ ಹೇಳಿದರು. ಕೇಳುವುದಕ್ಕೆ ಅದು ದಯೆಯ ಮಾತಿನ ಹಾಗೇ ಇತ್ತು. ಈಗ ಹೇಳಿದರೆ ಪಾಪ ಅವರಿಗೆ ಇನ್ನೊಂದು ಸಂಕಟ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡೆವು. ನಾನೂ ಹೇಳಿಕೊಂಡೆ. ಅವರ ಸಂಕಟ ತಪ್ಪಿಸುತ್ತಿದ್ದೇವೋ ನಮ್ಮ ಸಂಕಟ ತಪ್ಪಿಸಿಕೊಳ್ಳುತ್ತಿದ್ದೇವೋ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಸೋಮವಾರವೂ ಮಾವ ಫೋನ್ ಮಾಡಿದರು, ಸೋಮವಾರವೂ ಹಣ್ಣಿನ ರಸದ ಮಾತೇ ಆಯಿತು.

ಮಂಗಳವಾರ ನಾನು ಅರ್ಧ ದಿನ ರಜೆ ಹಾಕಿ, ಡಬ್ಬಿಯಲ್ಲಿ ರಾಗಿ ಗಂಜಿ ತೆಗೆದುಕೊಂಡು ತುಮಕೂರಿಗೆ ಹೋದೆ. ಮೋನಿಕಾ ಡ್ರಿಪ್ ಹಾಕಿಸಿಕೊಂಡು ನಿದ್ದೆ ಮಾಡುತ್ತಿದ್ದಳು. ಪ್ಲೇಟ್‌ಲೆಟ್ ಏರಲು ಶುರುವಾಗಿದೆ, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಹೇಳುವಾಗ ಅರುಣಾಳ ಮುಖದಲ್ಲಿ ಸಂತೋಷ ಇರಲಿಲ್ಲ. ಕೇಳಿದರೆ, ಎಲ್ಲ ಒಂದೊಂದಾಗಿ ಹೊರಗೆ ಬಂತು. ಗಂಡ ಗುಬ್ಬಿಯಿಂದ ಬಂದಾಗಿನಿಂದ ಅವಳ ಜೊತೆ ಮಾತು ಬಿಟ್ಟಿದ್ದಾನೆ. ಕುಣಿಗಲ್ಲಿನಲ್ಲಿರುವ ಅತ್ತೆ ಚಿಕ್ಕಮಾರಮ್ಮ ದಿನವೂ ಫೋನ್ ಮಾಡಿ, ಮನೆ ಮುಂದೆ ಸೊಳ್ಳೆ ಸಾಕಿ ನನ್ನ ಮೊಮ್ಮಗಳನ್ನು ನುಂಗಲು ಕೂತಿದ್ದೀಯಾ ಎನ್ನುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ಮಗುವನ್ನು ಗುಬ್ಬಿಗೆ ಕಳಿಸುವುದಿಲ್ಲ, ಕುಣಿಗಲ್ಲಿಗೇ ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಗೇ ಸೇರಿಸುತ್ತೇವೆ ಎಂದು ತಾಯಿ ಮಗ ಇಬ್ಬರೂ ತೀರ್ಮಾನ ಮಾಡಿದ್ದಾರೆ.

"ಅವರು ಹೇಳೋದ್ರಲ್ಲೂ ತಪ್ಪಿಲ್ಲ ಬುಡಿ ಅಕ್ಕ," ಎಂದಳು ಅರುಣಾ. "ಒಂದಿನ ಡ್ರಮ್ಗೆ ಬಟ್ಟೆ ಕಟ್ಟೋದು ಮರ್ತೋಗಿದ್ದೆ. ಅರ್ಜೆಂಟ್ ಬ್ಲೌಸ್ ಇತ್ತು. ನನ್ನ ಕೈಯಾರೆ ನಾನೇ ಮಾಡ್ದೆ."

ನನ್ನ ಕೈಯಲ್ಲಿ ಗಂಜಿಯ ಡಬ್ಬಿ ಇತ್ತು. ಚಿಪ್ಪಿನ ವಿಷಯ ಆಗಲೇ ಹೇಳಬೇಕಾಗಿತ್ತು. ಅದು ಮಾವ ಹೇಳಬೇಕಾದದ್ದು, ನಾನು ಹೇಳಿದರೆ ಅವರನ್ನು ಹಿಂದಿನಿಂದ ದೂಡಿದ ಹಾಗಾಗುತ್ತದೆ ಎಂದುಕೊಂಡೆ. ಒಂದು ಚಮಚ ಗಂಜಿ ಅವಳ ಬಾಯಿಗೇ ಹಿಡಿದು, ಹಾಗೆಲ್ಲ ಅಂದುಕೊಳ್ಳಬೇಡ ಅರುಣಾ ಎಂದೆ. ಅಷ್ಟು ನಾಚಿಕೆಗೇಡಿನ ಸಮಾಧಾನದ ಮಾತನ್ನು ನಾನು ನನ್ನ ಜನ್ಮದಲ್ಲಿ ಇನ್ನೊಂದು ಆಡಿಲ್ಲ.

ಗುಬ್ಬಿಗೆ ಬಂದವಳೇ ಮಾವನಿಗೆ ಎಲ್ಲವನ್ನೂ ಹೇಳಿದೆ. ಮಗು ಉಳಿಯಿತು ಎಂಬುದನ್ನು ಕೇಳಿ ಕೈ ಮುಗಿದವರು, ಕುಣಿಗಲ್ಲಿನ ಮಾತು ಬಂದಾಗ ಗೋಡೆಗೆ ಒರಗಿಕೊಂಡರು. ನಾಳೆಯೇ ಹೋಗಿ ಹೇಳುತ್ತೇನೆ ಎಂದರು. ಬುಧವಾರ ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದದ್ದನ್ನು ನಾನೇ ನೋಡಿದೆ. ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಬಂದರೆ ಮನೆಯಲ್ಲೇ ಕೂತಿದ್ದರು. ತುಮಕೂರಿನ ಬಸ್ಸು ಬಂತಂತೆ, ಹೋಯಿತಂತೆ, ಇನ್ನೊಂದು ಬಂತಂತೆ. ವಾರ್ಡಿನಲ್ಲಿ ಅಷ್ಟು ಜನರ ಮುಂದೆ ಹೇಗೆ ಹೇಳಲಿ ಭೂಮಿಕಾ ಎಂದರು. ನನಗೆ ಸಿಟ್ಟು ಬಂತು. ಅವತ್ತು ಇಡೀ ಬೀದಿಯ ಮುಂದೆ ಅವಳ ನೀರು ಚೆಲ್ಲಿಸುವಾಗ ಜನ ಕಮ್ಮಿ ಇದ್ದರೇ ಮಾವ ಎಂದು ಕೇಳಿಬಿಟ್ಟೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಅಂಥ ಮಾತು ಆಡಿದ್ದು ಅದೇ ಮೊದಲು.

ಅದೇ ದಿನ ಮೋನಿಕಾಳನ್ನು ಡಿಸ್ಚಾರ್ಜ್ ಮಾಡಿದರು. ನಾವು ಇನ್ನೂ ಎರಡು ದಿನ ಬೇಕಾದೀತು ಎಂದುಕೊಂಡಿದ್ದೆವು. ಅಂಜನ್‌ಕುಮಾರ್ ಮಗಳನ್ನು ಆಸ್ಪತ್ರೆಯಿಂದಲೇ ನೇರ ಕುಣಿಗಲ್ಲಿಗೆ ಕರೆದುಕೊಂಡು ಹೋಗಿ ತಾಯಿಯ ಬಳಿ ಬಿಟ್ಟು, ಅಲ್ಲಿಂದಲೇ ಶಿಫ್ಟಿಗೆ ಹೋದನಂತೆ. ಅರುಣಾ ಗಂಜಿಯ ಡಬ್ಬಿ, ಬೆಡ್‌ಶೀಟು, ಮಗಳ ಚಪ್ಪಲಿ ಇದ್ದ ಚೀಲ ಹಿಡಿದು ಒಬ್ಬಳೇ ಗುಬ್ಬಿಯ ಬಸ್ಸು ಹತ್ತಿದಳು.

ಗುರುವಾರ ಮಧ್ಯಾಹ್ನ ಮಾವ ಬೀದಿ ದಾಟಿದರು. ಊಟಕ್ಕೆ ಬಂದಿದ್ದ ನನಗೆ ನೀನೂ ಬಾ ಎಂದದ್ದಕ್ಕೆ ನಾನೂ ಹೋದೆ. ಅರುಣಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಮಾವನನ್ನು ನೋಡಿ ಎದ್ದು ಕುರ್ಚಿ ಒರೆಸಿದಳು. ಅವರು ಕೂರಲಿಲ್ಲ.

"ನಿನ್ನ ಡ್ರಮ್ಮಿಂದಲ್ಲಮ್ಮ ಅದು. ನಮ್ಮನೆ ಚಿಪ್ಪಲ್ಲಿ ನೀರು ನಿಂತಿತ್ತು, ಅದ್ರ ತುಂಬಾ ಮರಿ ಇತ್ತು. ಮಗು ದಿನಾ ಅಲ್ಲೇ ಕೂತ್ಕೊಳ್ತಿತ್ತು."

ಅತ್ತೆ ಹೇಳಿಕೊಟ್ಟಿದ್ದ ಮಾತು ಅವರಿಗೆ ನೆನಪಿರಲಿಲ್ಲ ಎಂದಲ್ಲ. ಸೊಳ್ಳೆ ಎಲ್ಲಿಂದ ಬೇಕಾದರೂ ಬಂದಿರಬಹುದು ಎಂದು ಒಂದು ಮಾತು ಸೇರಿಸಬಹುದಾಗಿತ್ತು. ಸೇರಿಸಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗಿದ್ದ ಗೌರವ ಸ್ವಲ್ಪ ವಾಪಸು ಬಂತು.

ಅರುಣಾ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಯಾವತ್ತು ನೋಡಿದ್ರಿ ಅಯ್ನೋರೆ?"

"ಭಾನುವಾರ."

"ಭಾನುವಾರ ಸಾಯಂಕಾಲ ಫೋನ್ ಮಾಡಿ ಮಗು ಹೆಂಗಿದೆ ಅಂದ್ರಿ. ಸೋಮವಾರಾನೂ ಮಾಡಿದ್ರಿ."

ಮಾವ ತಲೆಯಾಡಿಸಿದರು.

"ಸೊಳ್ಳೆ ನೀವೇನು ಬೇಕೂಂತ ಸಾಕಿದ್ದಲ್ಲ ಬುಡಿ. ಯಾರ ಮನೇಲಾದ್ರೂ ಆಗ್ತದೆ. ಆದ್ರೆ ಈ ನಾಲ್ಕು ದಿನ ಸೊಳ್ಳೆದಲ್ಲ."

ಆ ನಾಲ್ಕು ದಿನದಲ್ಲಿ ನನ್ನ ಪಾಲೂ ಇದೆ ಎಂಬುದು ಅವಳಿಗೆ ಹೊಳೆಯಿತು ಎಂದು ಕಾಣುತ್ತದೆ, ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದಳು. ಆಮೇಲೆ ಮಿಷನ್ನಿನ ಮುಂದೆ ಕೂತು, ನನ್ನ ಹತ್ತಿರ ಹೇಳಿದರೆ ಏನು ಬಂತು, ಕುಣಿಗಲ್ಲಿಗೆ ಹೋಗಿ ಹೇಳಿ ಎಂದಳು. ತಾನು ಜೊತೆಗೆ ಬರುವುದಿಲ್ಲ ಎಂದೂ ಹೇಳಿದಳು.

ಶುಕ್ರವಾರ ನಾನು ಶಾಲೆಗೆ ರಜೆ ಹಾಕಿದೆ. ಮಾವನೂ ನಾನೂ ತುಮಕೂರಿಗೆ ಹೋಗಿ, ಅಲ್ಲಿಂದ ಹೆಬ್ಬೂರಿನ ಮೇಲೆ ಹೋಗುವ ಕುಣಿಗಲ್ ಬಸ್ಸು ಹತ್ತಿದೆವು. ಹೆಬ್ಬೂರಿನಲ್ಲಿ ಪಕ್ಕದ ಸೀಟಿನವನು ಪತ್ರಿಕೆ ಬಿಚ್ಚಿ, ಓದುತ್ತೀರಾ ಎಂದು ಒಂದು ಹಾಳೆ ಕೊಡಲು ಬಂದ. ಮಾವ ಬೇಡವೆಂದರು. ದಾರಿಯುದ್ದಕ್ಕೂ ಅವರು ಬಾಯಿಪಾಠ ಮಾಡಿಕೊಳ್ಳುವವರ ಹಾಗೆ ತುಟಿ ಅಲ್ಲಾಡಿಸುತ್ತಿದ್ದರು.

ಚಿಕ್ಕಮಾರಮ್ಮನವರ ಮನೆ ದೊಡ್ಡಕೆರೆಯ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿದೆ. ನಾವು ಯಾರೆಂದು ತಿಳಿದ ಮೇಲೆ ಚಾಪೆ ಹಾಸಿದರು. ನೀರು ಕೊಡಲೋ ಬೇಡವೋ, ಅಯ್ನೋರು ಕುಡಿಯುತ್ತಾರೋ ಇಲ್ಲವೋ ಎಂದು ಅನುಮಾನಿಸಿ ನಿಂತರು. ಮಾವ ತಾವೇ ಕೇಳಿ ಕುಡಿದರು. ಮೋನಿಕಾ ಗೋಡೆಗೆ ಒರಗಿ ಕೂತಿದ್ದಳು. ಮುಖ ಸಣ್ಣಗಾಗಿತ್ತು, ಕೈಯ ಮೇಲೆ ಸೂಜಿ ಚುಚ್ಚಿದ ಕಡೆ ಇನ್ನೂ ಕಪ್ಪಾಗಿತ್ತು.

ಮಾವ ಮೊದಲಿನಿಂದ ಹೇಳಿದರು. ಹೇಮಶ್ರೀ ಡ್ರಮ್ಮಿನಲ್ಲಿ ಏನೂ ಇಲ್ಲವೆಂದಿದ್ದನ್ನು ಹೇಳಿದರು, ಆದರೂ ತಾವು ಚೆಲ್ಲಿಸಿದ್ದನ್ನು ಹೇಳಿದರು, ಕಾರಿನ ಬಾಗಿಲಲ್ಲಿ ಆಡಿದ ಮಾತನ್ನು ಹೇಳಿದರು, ಚಿಪ್ಪನ್ನು ಹೇಳಿದರು, ಭಾನುವಾರವನ್ನೂ ಬಿಡಲಿಲ್ಲ. ಎಲ್ಲಿಯೂ ದನಿ ಏರಲಿಲ್ಲ. ಚಿಕ್ಕಮಾರಮ್ಮ ಸೆರಗು ಹಿಡಿದುಕೊಂಡು ನಿಂತೇ ಕೇಳಿದರು.

"ಸೊಸೆಗೆ ನಾನು ಆಡಬಾರ್ದ ಮಾತೆಲ್ಲ ಆಡಿದೀನಿ ಅಯ್ನೋರೆ," ಎಂದರು ಕೊನೆಗೆ. "ಅದ್ನ ಯಾರು ವಾಪಸ್ ತಗೋತಾರೆ?"

ಆಕೆ ಒಳಗೆ ಹೋಗಿ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು. ಮಗನಿಗೆ ನಾನೇ ಹೇಳುತ್ತೇನೆ, ಸಂಜೆಯೊಳಗೆ ಮಗುವನ್ನು ಗುಬ್ಬಿಗೆ ಬಿಟ್ಟು ಬರುತ್ತೇನೆ ಎಂದು ಒಳಗಿನಿಂದಲೇ ಅಂದರು. ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಮಾವನ ಮುಖದಲ್ಲೂ ಅದೇ ಕಂಡಿತು. ನಾವು ಏಳಬೇಕು ಎನ್ನುವಷ್ಟರಲ್ಲಿ ಮೋನಿಕಾ ಮಾತಾಡಿದಳು.

"ತಾತ, ಹಂಗಾದ್ರೆ ಅಮ್ಮ ಏನೂ ಮಾಡಿಲ್ವಾ?"

"ಇಲ್ಲ ಕಣವ್ವ. ನಿಮ್ಮಮ್ಮ ಏನೂ ಮಾಡಿಲ್ಲ."

ಅವಳು ಕೈಯ ಮೇಲಿನ ಸೂಜಿಯ ಗುರುತನ್ನು ಬೆರಳಿನಿಂದ ಉಜ್ಜಿದಳು.

"ನಿನ್ನೆ ಬೆಳಿಗ್ಗೆ ಅಮ್ಮ ಫೋನಲ್ಲಿ, ಬಾ ಮಗ್ಳೆ, ನನ್ ಹತ್ರ ಬಾ ಅಂತ ಅಳ್ತಿದ್ಲು. ನಾನು ಬರಲ್ಲ, ನಿನ್ನಿಂದಾನೇ ನಂಗೆ ಜ್ವರ ಬಂತು ಅಂದ್ಬುಟ್ಟೆ."

ಮಾವ ಎದ್ದವರು ಮತ್ತೆ ಚಾಪೆಯ ಮೇಲೆ ಕೂತರು. ಗುರುವಾರ ಬೆಳಗ್ಗೆಯೇ ಅರುಣಾ ಆ ಮಾತು ಕೇಳಿಯಾಗಿತ್ತು. ನಾವು ಹೋದದ್ದು ಮಧ್ಯಾಹ್ನ. ನಮಗಾಗಿ ಕುರ್ಚಿ ಒರೆಸಿದಳು, ಯಾವತ್ತು ನೋಡಿದಿರಿ ಎಂದು ಕೇಳಿದಳು, ಇದೊಂದನ್ನು ಮಾತ್ರ ನಮಗೆ ಹೇಳಲಿಲ್ಲ.